ಮೊದಲು ಎತ್ತಿಕೊಂಡವಳು

ನವೆಂಬರ್ 4, ಸೋಮವಾರ

ಅಕ್ಕಾ,

ರಾತ್ರಿ ಎರಡೂವರೆಗೆ ಫ್ರಿಜ್ಜು ಮೈ ಕೊಡವಿಕೊಂಡು ನಿಂತ ಸದ್ದಿಗೆ ಎಚ್ಚರವಾಯಿತು. ಕರೆಂಟ್ ಹೋಯಿತೇನೋ ಎಂದು ಎದ್ದು ಓಡಿದೆ. ಓಡಿದೆ ಅನ್ನುವುದು ದೊಡ್ಡ ಮಾತು. ಒಂದು ಕೈಯಲ್ಲಿ ಹೊಟ್ಟೆಯ ಹೊಲಿಗೆ, ಇನ್ನೊಂದರಲ್ಲಿ ಗೋಡೆ ಹಿಡಿದುಕೊಂಡು ಅಡುಗೆಮನೆ ಸೇರಿದೆ. ಕರೆಂಟ್ ಇತ್ತು. ಫ್ರಿಜ್ಜು ಎಲ್ಲ ಫ್ರಿಜ್ಜುಗಳ ಹಾಗೆ ಸ್ವಲ್ಪ ಹೊತ್ತು ಸುಮ್ಮನಾಗಿತ್ತು, ಅಷ್ಟೆ. ಆದರೂ ಬಾಗಿಲು ತೆಗೆದು ಬಾಟಲಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದೆ. ಹಿಂಡಿ ತೆಗೆದಿಟ್ಟ ನನ್ನ ಹಾಲು ಅಲ್ಲಿ ತಣ್ಣಗೆ ಕೂತಿದೆ. ಬೆಳಿಗ್ಗೆ ಇವರು ಓಡಿಸುವ ಬಸ್ಸಿನಲ್ಲಿ, ಡ್ರೈವರ್ ಸೀಟಿನ ಹಿಂದೆ, ಐಸಿನ ಡಬ್ಬಿಯೊಳಗೆ ಕೂತು ನೀನಿರುವ ಆಸ್ಪತ್ರೆ ಸೇರುತ್ತದೆ. ನನ್ನ ಹಾಲಿಗೆ ಸೀಟು ಸಿಕ್ಕಿದೆ, ನನಗೆ ಸಿಕ್ಕಿಲ್ಲ.

ಮತ್ತೆ ನಿದ್ದೆ ಹತ್ತಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಫೋನಿನಲ್ಲಿ ಏನೂ ಹೇಳಿದ ಹಾಗಾಗುವುದಿಲ್ಲ. ನಮ್ಮ ಫೋನು ನಡುಮನೆಯಲ್ಲಿ, ಅತ್ತೆಯ ಕುರ್ಚಿಯ ಪಕ್ಕ. ನಿಮ್ಮದು ಆಸ್ಪತ್ರೆಯ ಮೊಗಸಾಲೆಯ ಕೊನೆಗೆ, ಸಾಲುಗಟ್ಟಿ ನಿಂತವರ ಎದುರಿಗೆ. ಮೊನ್ನೆ ಇಬ್ಬರೂ ಮೂಗು ಒರೆಸಿಕೊಂಡಿದ್ದಷ್ಟೇ ಆಯಿತು. ಇನ್ನು ಮೇಲೆ ಹಾಲಿನ ಡಬ್ಬಿಯಲ್ಲಿ ಒಂದು ಕಾಗದ ಇಟ್ಟಿರುತ್ತೇನೆ. ಖಾಲಿ ಬಾಟಲಿಗಳ ಜೊತೆ ನೀನೂ ಒಂದು ಇಡು.

ಇಲ್ಲಿ ಪೈಲ್ವಾನ ಚೆನ್ನಾಗಿದ್ದಾನೆ. ಹೊಟ್ಟೆಯೊಳಗೆ ಅವಳಿ ತಂಗಿಯ ಪಾಲನ್ನೂ ತಾನೇ ಹೊಡೆದುಕೊಂಡು ಬಂದವನ ಹಾಗೆ ಇದ್ದಾನೆ; ಅವನು ಕುಡಿಯುವಾಗ ಒಮ್ಮೊಮ್ಮೆ ನನಗೆ ಸಿಟ್ಟೇ ಬರುತ್ತದೆ. ಆಮೇಲೆ ಅವನ ಮುಖ ನೋಡಿ ನಾಚಿಕೆಯಾಗುತ್ತದೆ.

ಅವಳನ್ನು ನಾನು ಎಷ್ಟು ನೋಡಿದ್ದೇನೆ ಗೊತ್ತೇ? ಒಂದು ಕಿವಿ. ಬಟ್ಟೆ ಸುತ್ತಿ ಆಂಬುಲೆನ್ಸಿಗೆ ಒಯ್ಯುವಾಗ ಒಂದು ಕಿವಿ, ಅದರ ಕೆಳಗೆ ಒಂಚೂರು ಕೆನ್ನೆ. ನನ್ನ ಗಾಯ ಕೀವಾಗಿ ಜ್ವರ ಹಿಡಿದದ್ದು ನಿನಗೆ ಗೊತ್ತೇ ಇದೆ. "ಜ್ವರ ಬಿಟ್ಟು ಗಾಯ ಒಣಗೋ ತನಕ ಆ ಐಸಿಯು ಬಾಗಿಲು ಮರೆತುಬಿಡಿ, ಅಲ್ಲಿರೋದು ಬರೀ ನಿಮ್ಮ ಮಗು ಅಲ್ಲ," ಎಂದರು ಡಾಕ್ಟರು. ಸರಿಯಾದ ಮಾತೇ. ಸರಿಯಾದ ಮಾತಿಗೇ ಹೆಚ್ಚು ಅಳು ಬರುವುದು.

ನೀನು ಹೊಲಿಗೆ ಅಂಗಡಿಗೆ ಬೀಗ ಹಾಕಿ, ಶಾಲೆಯ ಯೂನಿಫಾರಮ್ಮುಗಳನ್ನು ಅರ್ಧಕ್ಕೇ ಬಿಟ್ಟು, ಹಿಂದೆಮುಂದೆ ನೋಡದೆ ಅವಳ ಜೊತೆ ಹೋದೆ. ಈ ಋಣ ಹೇಗೆ ತೀರಿಸಲಿ ಎಂದು ಬರೆದರೆ ನೀನು ಬೈಯುತ್ತೀ. ಬರೆಯುವುದಿಲ್ಲ. ಒಂದೇ ಒಂದು ಕೇಳುತ್ತೇನೆ: ಅವಳ ಬಣ್ಣ ಹೇಗಿದೆ ಹೇಳು. ಬಟ್ಟೆ ಗಿರಣಿಯಲ್ಲಿ ದಿನವಿಡೀ ಬಣ್ಣಕ್ಕೆ ಬಣ್ಣ ಹೋಲಿಸಿ ನೋಡುವ ಕೆಲಸ ನನ್ನದು; ಬಣ್ಣ ಸರಿಯಾಗಿ ಹೇಳಿದರೆ ಉಳಿದದ್ದನ್ನು ನಾನೇ ಕಂಡುಕೊಳ್ಳುತ್ತೇನೆ.

ನಿನ್ನ ತಂಗಿ


ನವೆಂಬರ್ 5, ಮಂಗಳವಾರ

ಪುಟ್ಟೀ,

ನಿನ್ನ ಕಾಗದ ಓದಿದೆ. ರಾತ್ರಿ ಎದ್ದು ಫ್ರಿಜ್ಜಿನ ಕ್ಷೇಮಸಮಾಚಾರ ವಿಚಾರಿಸುವ ಬಾಣಂತಿ ಊರಿಗೆ ನೀನೊಬ್ಬಳೇ ಇರಬೇಕು. ಮಲಗೇ ಮಾರಾಯ್ತಿ.

ಬಣ್ಣ ಗುಲಾಬಿ. ನಿನ್ನ ಹಾಗೆ ಇಪ್ಪತ್ತು ಗುಲಾಬಿ ನನಗೆ ಗೊತ್ತಿಲ್ಲ. ಚೆನ್ನಾಗಿ ಒಗೆದ ಗುಲಾಬಿ ಲಂಗ ಅಂತ ಇಟ್ಟುಕೋ. ಉದ್ದ ನನ್ನ ಮೊಣಕೈಯಿಂದ ಅಂಗೈವರೆಗೆ. ತೋಳು ನನ್ನ ಹೆಬ್ಬೆರಳಿನಷ್ಟು. ತಲೆಗೊಂದು ಟೋಪಿ ಹೊಲಿದಿದ್ದೇನೆ; ಇಷ್ಟು ಸಣ್ಣ ಸುತ್ತಳತೆಗೆ ನಾನು ಹೊಲಿದದ್ದು ನಿನ್ನ ಬೊಂಬೆಗೆ ಮಾತ್ರ. ಅದೇ ಕೈ ಇನ್ನೂ ಇದೆ ನೋಡು. ಮೂಗು ನಿನ್ನದೇ. ನಿದ್ದೆಯಲ್ಲೂ ಯಾರ ಮೇಲೋ ಸಿಟ್ಟು ಮಾಡಿಕೊಂಡ ಮೂಗು.

ಇಲ್ಲಿ ಒಂದು ಮಗುವಿಗೆ ಒಬ್ಬರೇ, ಅದೂ ಇಲ್ಲೇ ಉಳಿಯುವವರು. ಹೊರಗಿನಿಂದ ಬಂದುಹೋಗುವವರಿಗೆ ಮುಟ್ಟಗೊಡುವುದಿಲ್ಲ. ಅಪ್ಪಂದಿರಿಗೆ ಭಾನುವಾರ ಮಾತ್ರ, ಅದೂ ಕೈಕಟ್ಟಿ ನಿಂತು ನೋಡಿ ಹೋಗಬೇಕು. ದಿನಾ ಬೆಳಿಗ್ಗೆ ನಿಮ್ಮವರು ಡಬ್ಬಿ ಕೊಟ್ಟು ಬಾಗಿಲ ಗಾಜಿಗೆ ಮೂಗು ಒತ್ತಿ ಹೋಗುತ್ತಾರೆ. ಗಾಜಿನ ಮೇಲೆ ಅವರ ಮೂಗಿನ ಗುರುತು ಒರೆಸುವುದು ಆಯಾಗೆ ಒಂದು ಕೆಲಸವಾಗಿದೆ.

ನಿನ್ನೆ ಒಂದು ಸಂತೋಷ. ಅವಳನ್ನು ಗಾಜಿನ ಪೆಟ್ಟಿಗೆಯಿಂದ ತೆಗೆದು ನನ್ನ ಎದೆ ಮೇಲೆ ಹಾಕಿದರು. ಬಟ್ಟೆ ಅಡ್ಡ ಇಲ್ಲದೆ, ಮೈಗೆ ಮೈ ತಾಗಿಸಿ, ಮೇಲಿಂದ ಹೊದಿಸಿ ಬಿಗಿಯಾಗಿ ಕಟ್ಟುತ್ತಾರೆ. ಕಾಂಗರೂ ಅನ್ನುತ್ತಾರೆ ಇದಕ್ಕೆ. ನಾವು ಆರು ಜನ ಕಾಂಗರೂಗಳು ಸಾಲಾಗಿ ಕುರ್ಚಿ ಮೇಲೆ. ಪಕ್ಕದವಳು ನನ್ನನ್ನು ನೋಡಿ, "ಅಕ್ಕಾ, ಉಸಿರಾಡಿ, ನೀವು ಉಸಿರು ಹಿಡಿದ್ರೆ ಮಗು ಹೆಂಗೆ ಆಡತ್ತೆ" ಅಂದಳು. ಇಡೀ ಮಧ್ಯಾಹ್ನ ಹಾಗೇ ಕೂತಿದ್ದೆ. ಕಾಲು ಜೋಮು ಹಿಡಿದು ಎದ್ದರೆ ಬೀಳುವ ಹಾಗಾಗಿತ್ತು. ಅಂಗಿಯ ಗುಂಡಿಯಷ್ಟಿದ್ದಾಳೆ ಅಂತ ಬಟನ್ ಎಂದು ಕರೆದೆ, ಈಗ ನರ್ಸುಗಳೆಲ್ಲ ಅದನ್ನೇ ಹಿಡಿದಿದ್ದಾರೆ.

ನಿನ್ನ ಅಕ್ಕ


ನವೆಂಬರ್ 7, ಗುರುವಾರ

ಅಕ್ಕಾ,

ಎರಡು ದಿನ ಉತ್ತರ ಬರೆಯಲಿಲ್ಲ. ಜ್ವರ ಎಂದು ಇವರ ಹತ್ತಿರ ಹೇಳಿ ಕಳಿಸಿದ್ದೆ. ಜ್ವರವೂ ಇತ್ತು.

ನಿನ್ನ ಕಾಗದ ನಾಲ್ಕು ಸಲ ಓದಿದೆ. ಸಂತೋಷವೇ ಆಯಿತು. ಸಂತೋಷ ಆಗಬೇಕಾದ ಕಾಗದ ಅದು. ಮೂರನೆಯ ಸಲ ಓದುವಾಗ ಮಾತ್ರ ಹೊಳೆಯಿತು: ಅವಳನ್ನು ಹೊಟ್ಟೆಯಲ್ಲಿಟ್ಟುಕೊಂಡವಳು ನಾನು, ಅವಳು ಈ ಲೋಕಕ್ಕೆ ಬಂದ ಮೇಲೆ ಮೊದಲು ಎತ್ತಿಕೊಂಡವಳು ನೀನು. ಇದರಲ್ಲಿ ನಿನ್ನ ತಪ್ಪು ಏನೂ ಇಲ್ಲ. ಸುಮ್ಮನೆ ಹೊಳೆಯಿತು, ಬರೆದೆ.

ನೆನಪಿದೆಯೇ ನಿನಗೆ, ಚಿಕ್ಕಂದಿನಲ್ಲಿ ನನಗೆ ಬಂದದ್ದೆಲ್ಲ ನೀನು ಒಮ್ಮೆ ಬಳಸಿ ಬಿಟ್ಟದ್ದೇ. ಫ್ರಾಕು, ಸೈಕಲ್ಲು, ಭೂಗೋಳದ ಪುಸ್ತಕ. ಪುಸ್ತಕದಲ್ಲಿ ನದಿಗಳಿಗೆಲ್ಲ ನೀನಾಗಲೇ ಬಣ್ಣ ತುಂಬಿಬಿಟ್ಟಿರುತ್ತಿದ್ದೆ. ಕಾಲೇಜಿನ ಮೊದಲ ದಿನ ನಾನು ಉಟ್ಟ ಸೀರೆಗೂ ನಿನ್ನ ವಾಸನೆ ಇತ್ತು. ಆಗ ಬೇಜಾರಿರಲಿಲ್ಲ, ನಿಜವಾಗಿಯೂ ಇರಲಿಲ್ಲ. ಇದೊಂದಾದರೂ ನನಗೆ ಹೊಸದಾಗಿ ಸಿಗುತ್ತದೆ ಎಂದುಕೊಂಡಿದ್ದೆ, ಅಷ್ಟೆ.

ಬಟನ್ ಎಂದು ಕರೆಯಬೇಡ. ಅವಳಿಗೆ ಹೆಸರಿಡುವುದು ನಾವು. ಪೈಲ್ವಾನ ಎಂದು ನಾನು ಕರೆಯುವುದು ಬೇರೆ, ನಾನು ಅವನ ತಾಯಿ.

ಅವಳು ಎದೆಯ ಮೇಲೆ ಮಲಗಿದಾಗ ಯಾವ ಕಡೆ ಮುಖ ತಿರುಗಿಸುತ್ತಾಳೆ? ಕೈ ಎಲ್ಲಿಡುತ್ತಾಳೆ? ಎಲ್ಲ ಬರೆ. ಬೇಡ, ಬರೆಯಬೇಡ. ಬರೆ.

ಅತ್ತೆ ಈಗತಾನೇ ಬಂದು, "ಅಕ್ಕಂಗೆ ಎಷ್ಟು ಬರೀತೀಯ, ಆ ಹೊತ್ತಲ್ಲಿ ಮಲಗಬಾರದಾ," ಎಂದರು. ಆಮೇಲೆ ತಾವೇ, "ಆ ಹುಡುಗಿಗೂ ಒಂದು ಮಗು ಎತ್ಕೊಳ್ಳೋ ಯೋಗ ಹೀಗೆ ಬಂತು ನೋಡು," ಎಂದು ಹೇಳಿ ಹೋದರು. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆ ಮಾತು ನನ್ನ ಕಿವಿಯಲ್ಲಿ ನೊಣದ ಹಾಗೆ ಓಡಾಡುತ್ತಿದೆ.

ತಂಗಿ


ನವೆಂಬರ್ 8, ಶುಕ್ರವಾರ

ಪುಟ್ಟೀ,

ತಪ್ಪಾಯಿತು ಮಾರಾಯ್ತಿ. ಇನ್ನು ಬಟನ್ ಅನ್ನುವುದಿಲ್ಲ. ನರ್ಸುಗಳಿಗೆ ಹೇಳಿದೆ. "ಸರಿ ಸರಿ, ಮೇಡಮ್ಮೋರ ಮಗಳು ಅಂತೀವಿ ಬಿಡಿ," ಅಂದರು. ಅವರ ಬಾಯಿಗೆ ಬಟ್ಟೆ ತುರುಕಲಾಗುವುದಿಲ್ಲ.

ನಿನ್ನ ಸೈಕಲ್ಲಿನ ವಿಷಯಕ್ಕೆ ಬರುತ್ತೇನೆ. ಆ ಸೈಕಲ್ ನಿನ್ನ ಕೈಗೆ ಬರುವ ಹೊತ್ತಿಗೆ ಅದರ ಬ್ರೇಕು ನಾನು ರಿಪೇರಿ ಮಾಡಿಸಿದ್ದೆ. ನಾನು ಅದರಲ್ಲೇ ಎರಡು ಸಲ ಬಿದ್ದಿದ್ದೆ. ನೀನು ಒಂದು ಸಲವೂ ಬೀಳಲಿಲ್ಲ. ಈ ಲೆಕ್ಕ ನೀನು ಹಾಕುವುದೇ ಇಲ್ಲ.

ಎದೆ ಮೇಲೆ ಮಲಗಿಸುವುದು ಅಂಥ ದೊಡ್ಡ ವಿಷಯವೇನಲ್ಲ. ಇಲ್ಲಿ ಎಲ್ಲ ಮಕ್ಕಳಿಗೂ ಮಾಡಿಸುತ್ತಾರೆ. ಬೆಚ್ಚಗಿರಲಿ ಅಂತ, ಅಷ್ಟೇ. ಮುಖ ಎಡಗಡೆಗೆ. ಕೈ ಮುಷ್ಟಿ ಕಟ್ಟಿ ಗದ್ದದ ಕೆಳಗೆ. ಎಲ್ಲರೂ ನನ್ನನ್ನು ಅಮ್ಮ ಅಂತಲೇ ಕರೆಯುತ್ತಾರೆ, ಪ್ರತಿ ಸಲ ನಾನು ದೊಡ್ಡಮ್ಮ ಅಂತ ತಿದ್ದುತ್ತೇನೆ. ರಾತ್ರಿ ಪಾಳಿಯವರು ಬದಲಾಗುತ್ತಲೇ ಇರುತ್ತಾರೆ, ತಿದ್ದಿ ತಿದ್ದಿ ಸಾಕಾಗಿದೆ.

ನಿನ್ನ ಹಾಲು ಕೊಳವೆಯಲ್ಲಿ ಕೊಡುತ್ತಾರೆ, ಅರ್ಧ ಚಮಚೆ. ಉಳಿದದ್ದು ಫ್ರಿಜ್ಜಿನಲ್ಲಿ. ಚೆನ್ನಾಗಿದ್ದಾಳೆ. ಯೋಚನೆ ಮಾಡಬೇಡ. ಜ್ವರ ಎಷ್ಟಿದೆ ಬರೆ.

ಅಕ್ಕ


ನವೆಂಬರ್ 10, ಭಾನುವಾರ

ಅಕ್ಕಾ,

ಇವರು ಇವತ್ತು ಮಗಳನ್ನು ನೋಡಿ ಬಂದರು. ಬಂದವರು ಕೈಕಾಲು ಕೂಡ ತೊಳೆಯದೆ ಮಂಚದ ತುದಿಗೆ ಕೂತು ಹೇಳಿದ್ದೇ ಹೇಳಿದ್ದು. ಇವರು ಇಷ್ಟು ಮಾತಾಡಿದ್ದನ್ನು ನಾನು ಮದುವೆಯಾದ ಮೇಲೆ ಕೇಳಿಲ್ಲ.

"ಅತ್ತಿಗೆ ದನಿ ಗೊತ್ತು ಕಣೇ ಅವಳಿಗೆ. ನರ್ಸು ಸೂಜಿ ಚುಚ್ಚಿದ್ಲು, ಮುಖ ಇಷ್ಟು ಕೆಂಪು ಮಾಡ್ಕೊಂಡ್ಳು. ಅತ್ತಿಗೆ ಆ ಕಡೆಯಿಂದ 'ಏನಮ್ಮಾ ನಿಂದು' ಅಂದ್ರು ನೋಡು, ಸ್ವಿಚ್ ಆಫ್ ಮಾಡಿದಂಗೆ ಸುಮ್ನಾದ್ಲು."

"ನಾನು ಕರೆದಿದ್ರೆ?" ಎಂದೆ.

"ನೀನು ಯಾವಾಗ ಕರೆದಿದ್ದೀಯ," ಎಂದರು. ಕೆಟ್ಟದ್ದಾಗಿ ಅಲ್ಲ. ಯೋಚಿಸಿ ಹೇಳುವವರ ಹಾಗೆ. "ಅತ್ತಿಗೆ ಎದೆ ಮೇಲೆ ಹಾಕಿದ್ರಂತೂ ಕರಗಿಬಿಡ್ತಾಳೆ. ನೋಡೋಕೆ ಎರಡು ಕಣ್ಣು ಸಾಲ್ದು. ತಾಯಿ ಮಗಳು ಅಂದ್ರೆ ನಂಬಬೇಕು ಹಾಗೆ."

ಪೈಲ್ವಾನ ಆ ಹೊತ್ತಿಗೆ ನನ್ನ ಮಡಿಲಿನಲ್ಲೇ ಇದ್ದ. ಒಂದು ಮಗು ತುಂಬಿಕೊಂಡಿರುವ ಮಡಿಲೂ ಖಾಲಿ ಅನ್ನಿಸಬಹುದು ಎಂದು ನನಗೆ ಗೊತ್ತಿರಲಿಲ್ಲ.

ಅಕ್ಕಾ, ನಾನು ನೇರವಾಗಿ ಬರೆಯುತ್ತೇನೆ. ನೀನೇ ಬರೆದಿದ್ದೀಯ, ಅದೇನು ದೊಡ್ಡ ವಿಷಯವಲ್ಲ, ಬೆಚ್ಚಗಿರಲು ಅಷ್ಟೇ ಎಂದು. ಬೆಚ್ಚಗಿಡಲು ಗಾಜಿನ ಪೆಟ್ಟಿಗೆ ಇದೆ. ಅದನ್ನು ಮಾಡಿದ್ದೇ ಅದಕ್ಕೆ. ಇನ್ನೊಂದು ವಾರ, ಹೆಚ್ಚೆಂದರೆ ಹತ್ತು ದಿನ, ನನ್ನ ಗಾಯ ಒಣಗುತ್ತದೆ. ಅಲ್ಲಿಯವರೆಗೆ ಅವಳನ್ನು ಎತ್ತಿಕೊಳ್ಳಬೇಡ. ಅವಳು ಇನ್ನು ಯಾರ ಎದೆಗೂ ಒಗ್ಗುವುದು ಬೇಡ. ಹಾಲು ಕೊಡು, ಪಕ್ಕದಲ್ಲಿ ಇರು, ಮಾತು ಕೂಡ ಆದಷ್ಟು ಕಡಿಮೆ ಆಡು. ಕೇಳಲು ಕೆಟ್ಟದಾಗಿದೆ ಎಂದು ನನಗೂ ಗೊತ್ತು.

ನೀನು ಒಪ್ಪಿದರೂ ನರ್ಸುಗಳು ನಿನ್ನನ್ನು ಕೂರಿಸಿಬಿಡುತ್ತಾರೆ, ನೀನು ಬೇಡ ಅನ್ನುವವಳಲ್ಲ. ಅದಕ್ಕೆ ಹೆಡ್ ನರ್ಸಿಗೂ ಒಂದು ಪತ್ರ ಇಟ್ಟಿದ್ದೇನೆ, ತಲುಪಿಸು. ಮಗುವನ್ನು ಸೇರಿಸುವಾಗ ಎತ್ತಿಕೊಳ್ಳುವವರ ಹೆಸರು ಅಂತ ನಿನ್ನ ಹೆಸರಿಗೆ ಸಹಿ ಹಾಕಿದ್ದವಳು ನಾನು. ನಾನೇ ತೆಗೆಯುತ್ತಿದ್ದೇನೆ. ತಾಯಿ ಬರುವವರೆಗೆ ಬೇರೆ ಯಾರೂ ಮಗುವನ್ನು ಎದೆಗೆ ಹಾಕಿಕೊಳ್ಳಕೂಡದು ಎಂದು ಸ್ಪಷ್ಟವಾಗಿ ಬರೆದಿದ್ದೇನೆ.

ನಿನಗೆ ಮದುವೆ ಬೇಡವಾಗಿತ್ತು, ಮಕ್ಕಳು ಬೇಡವಾಗಿತ್ತು, ಅದು ನಿನ್ನ ಇಷ್ಟ. ಈಗ ನನ್ನ ಮಗಳಲ್ಲಿ ಆ ಆಸೆ ತೀರಿಸಿಕೊಳ್ಳಬೇಡ.

ಇದನ್ನು ಓದಿ ಹರಿದುಹಾಕು.

ತಂಗಿ


ನವೆಂಬರ್ 12, ಮಂಗಳವಾರ

ಪುಟ್ಟೀ,

ಪತ್ರ ತಲುಪಿತು. ಹೆಡ್ ನರ್ಸಿಗೆ ಬರೆದದ್ದನ್ನೂ ಕೊಟ್ಟೆ. ನಿನ್ನೆಯಿಂದ ಮಗು ಪೆಟ್ಟಿಗೆಯಲ್ಲೇ ಇದೆ. ಹಾಲು ಎಂದಿನಂತೆ. ಬಣ್ಣ ಗುಲಾಬಿ.

ಇನ್ನೂ ನಾಲ್ಕು ಬಾಟಲಿ ಕಳಿಸು, ಇವು ಮುಚ್ಚಳ ಸೋರುತ್ತಿವೆ.

ಅಕ್ಕ


ನವೆಂಬರ್ 13, ಬುಧವಾರ

ಅಕ್ಕಾ,

ಬಾಟಲಿ ಕಳಿಸಿದ್ದೇನೆ.

ನಿನ್ನ ಕಾಗದ ಅಂಗೈಯಷ್ಟಿತ್ತು. ಕೋಪ ಬಂದಿದೆ ನಿನಗೆ. ಕೋಪ ಬಂದರೆ ನೀನು ಯಾವಾಗಲೂ ಹೀಗೇ, ಗಿರಾಕಿಗೆ ಚೀಟಿ ಬರೆದ ಹಾಗೆ ಮಾತಾಡುತ್ತೀ. ಅಥವಾ ಕೋಪವಲ್ಲವೇ? ನಾನು ಕಾಣೆನೆಂದು ಎತ್ತಿಕೊಂಡೇ ಕೂತು, ನನಗೆ ಮಾತ್ರ 'ಪೆಟ್ಟಿಗೆಯಲ್ಲೇ ಇದೆ' ಎಂದು ಬರೆಯುತ್ತಿದ್ದೀಯಾ? ಸುಖವಾಗಿರುವವರೂ ಹೀಗೆ ಚಿಕ್ಕದಾಗಿಯೇ ಬರೆಯುತ್ತಾರೆ, ಬರೆಯಲು ಪುರುಸೊತ್ತಿರುವುದಿಲ್ಲ. ಗುಲಾಬಿ ಎಂದಿದ್ದೀಯ. ಹೋದ ವಾರ ಒಗೆದ ಲಂಗದ ಗುಲಾಬಿ ಇತ್ತು, ಈಗ ಬರೀ ಗುಲಾಬಿ. ಯಾವ ಗುಲಾಬಿ?

ನಿನ್ನೆ ರಾತ್ರಿ ಊಟದ ಹೊತ್ತಿಗೆ ಫೋನು ಹೊಡೆದುಕೊಂಡಿತು. ಅತ್ತೆ ಸ್ನಾನಕ್ಕೆ ಹೋಗಿದ್ದರು. ಇವರು ಡಿಪೋದಲ್ಲಿದ್ದರು. ನಾನು ಕುರ್ಚಿಯಲ್ಲೇ ಕೂತು ಅದು ಪೂರ್ತಿ ನಿಲ್ಲುವವರೆಗೆ ನೋಡಿದೆ. ಮತ್ತೊಂದು ಸಲ ಬಂತು. ಅತ್ತೆ ತಲೆಗೆ ಬಟ್ಟೆ ಸುತ್ತಿಕೊಂಡು ಬಂದು, "ಯಾರದೇ ಅದು?" ಎಂದರು. "ರಾಂಗ್ ನಂಬರು," ಎಂದೆ. ನೀನೇ ಇರಬೇಕು. ನಿನ್ನ ದನಿ ಕೇಳಿದರೆ ನಾನು ಕರಗಿ ಹೂಂ ಎನ್ನುತ್ತೇನೆ ಎಂದು ನಿನಗೆ ಗೊತ್ತು. ಆ ದನಿ ಎಲ್ಲರನ್ನೂ ಸುಮ್ಮನಾಗಿಸುತ್ತದಂತಲ್ಲ.

ಜ್ವರ ಇಳಿದಿದೆ. ಗಾಯಕ್ಕೆ ಪಟ್ಟಿ ಕಟ್ಟಲು ಮನೆಗೆ ಬರುವ ನರ್ಸಮ್ಮ ನೋಡಿ, "ಇನ್ನೊಂದು ವಾರ ಅಷ್ಟೇ," ಎಂದಳು. ಎಷ್ಟೋ ದಿನದ ಮೇಲೆ ನಿನ್ನೆ ನಿದ್ದೆ ಬಂತು. ನಿಜ ಹೇಳಲೇ? ಅವಳು ಯಾರ ಎದೆಯ ಮೇಲೂ ಇಲ್ಲ ಎಂದು ನೆನೆಸಿಕೊಂಡ ಮೇಲೆ ಬಂತು.

ತಂಗಿ


ನವೆಂಬರ್ 14, ಗುರುವಾರ, ಬೆಳಿಗ್ಗೆ

ಪುಟ್ಟೀ,

ನಿಮ್ಮವರು ಬರುವುದರೊಳಗೆ ಇದನ್ನು ಬರೆದು ಮುಗಿಸಬೇಕು. ಅವರ ಹತ್ತಿರ ಬಾಯಿಬಿಟ್ಟು ಹೇಳುವುದಿಲ್ಲ. ಬಸ್ಸಿನ ತುಂಬ ಜನ ಕೂರಿಸಿಕೊಂಡು ವಾಪಸು ಹೊರಡುವವರ ತಲೆಗೆ ಇದನ್ನು ತುಂಬಿ ಕಳಿಸಲು ನನಗೆ ಧೈರ್ಯವಿಲ್ಲ. ಸಂಜೆ ಮನೆಗೆ ಬಂದ ಮೇಲೆ ಅವರಿಗೂ ಓದಿ ಹೇಳು.

ನಾನು ನಿನಗೆ ಸುಳ್ಳು ಬರೆದೆ. ಮೊದಲ ಕಾಗದದಿಂದಲೇ.

ಅವಳು ಉಸಿರಾಡುವುದನ್ನು ಮರೆಯುತ್ತಾಳೆ. ತಿಂಗಳು ತುಂಬದೆ ಬಂದ ಮಕ್ಕಳು ಕೆಲವು ಹಾಗೆ ಮಾಡುತ್ತವಂತೆ. ಚೆನ್ನಾಗಿಯೇ ಮಲಗಿರುತ್ತಾಳೆ, ಇದ್ದಕ್ಕಿದ್ದಂತೆ ಎದೆ ನಿಲ್ಲುತ್ತದೆ. ಮಷೀನು ಕೂಗುತ್ತದೆ, ನರ್ಸು ಓಡಿ ಬಂದು ಅಂಗಾಲಿಗೆ ಬೆರಳಿನಿಂದ ತಟ್ಟಿದರೆ ಬೆಚ್ಚಿ ಮತ್ತೆ ಶುರು ಮಾಡುತ್ತಾಳೆ. ಗುಲಾಬಿ ಅಂತ ಬರೆದೆನಲ್ಲ, ಅದು ಅವಳು ಉಸಿರಾಡುವಾಗಿನ ಬಣ್ಣ. ಮರೆತಾಗಿನ ಬಣ್ಣ ನಾನು ಬರೆಯಲಿಲ್ಲ. ಬಣ್ಣ ಬಲ್ಲ ನಿನ್ನಂಥವಳಿಗೆ ಅದನ್ನು ಹೇಗೆ ಬರೆಯಲಿ.

ನನ್ನ ಎದೆ ಮೇಲಿದ್ದಾಗ ಮಾತ್ರ ಮರೆಯುತ್ತಿರಲಿಲ್ಲ. ಕೆಳಗೆ ಇನ್ನೊಂದು ಎದೆ ಏಳುತ್ತ ಇಳಿಯುತ್ತ ಇದ್ದರೆ ಅವಳಿಗೆ ಜ್ಞಾಪಕವಿರುತ್ತದಂತೆ. ಬೆಚ್ಚಗಿರಲು ಅಷ್ಟೇ ಅಂತ ನಾನು ಬರೆದದ್ದು ಸುಳ್ಳು. ಅದು ಅವಳಿಗೆ ಔಷಧ. ಜ್ವರದಲ್ಲಿ ಮಲಗಿರುವವಳಿಗೆ ಇದನ್ನೆಲ್ಲ ಬರೆದು ಏನಾಗಬೇಕು ಅಂದುಕೊಂಡೆ. ಔಷಧ ಅಂತ ಬರೆದಿದ್ದರೆ ನೀನು ಬೇಡ ಅನ್ನುತ್ತಿರಲಿಲ್ಲ. ಅಷ್ಟು ನನಗೆ ಗೊತ್ತು. ಅದು ನನ್ನ ತಪ್ಪು.

ನಿನ್ನ ಪತ್ರ ಹೆಡ್ ನರ್ಸಿಗೆ ಯಾಕೆ ಕೊಟ್ಟೆ ಅಂತ ಕೇಳಬಹುದು. ಸೆರಗಿನಲ್ಲಿ ಬಚ್ಚಿಟ್ಟುಕೊಳ್ಳಬಹುದಿತ್ತು. ಓದಿದಾಗ ಮೈ ಉರಿಯಿತು, ತಗೋ ನಿನ್ನ ಮಗಳನ್ನು ಅಂತ ಕೊಟ್ಟುಬಿಟ್ಟೆ. ಕೊಟ್ಟ ಮೇಲೆ ವಾಪಸು ಕೊಡಿ ಅಂದರೆ ಆಕೆ ಕೊಡಲಿಲ್ಲ. "ತಾಯಿ ಬರೆದುಕೊಟ್ಟಿದ್ದಾರೆ, ತಾಯೀನೇ ಬರೆದು ತೆಗೀಬೇಕು. ನಾಳೆ ಏನಾದರೂ ಆದ್ರೆ ನನ್ನ ಕೊರಳಿಗೆ ಬರುತ್ತೆ," ಅಂದಳು. ಮಂಗಳವಾರ ರಾತ್ರಿ ನಿಮ್ಮನೆಗೆ ಎರಡು ಫೋನು ಬಂತಲ್ಲ, ಮೊದಲನೆಯದು ನನ್ನದು. ಎರಡನೆಯದು ಆಕೆಯದು.

ನಿನ್ನೆ ರಾತ್ರಿಯಿಂದ ಮರೆಯುವುದು ಹೆಚ್ಚಾಗಿದೆ. ಮೂಗಿಗೆ ಗಾಳಿಯ ಕೊಳವೆ ಮತ್ತೆ ಹಾಕಿದ್ದಾರೆ. ಡಾಕ್ಟರು, "ಇವತ್ತೊಂದು ದಿನ ನೋಡೋಣ. ನಾಳೆ ಬೆಳಿಗ್ಗೆ ರೌಂಡಿಗೆ ಬಂದಾಗ ಹೀಗೇ ಇದ್ರೆ ಗಂಟಲಿಗೆ ಟ್ಯೂಬ್ ಇಳಿಸಿ ಮಷೀನಿಗೆ ಹಾಕ್ತೀವಿ. ಈ ತೂಕದ ಮಗುಗೆ ಹಾಕೋದು ಸುಲಭ, ತೆಗೆಯೋದು ಕಷ್ಟ," ಅಂದರು. ಎದೆಗೆ ಹಾಕಿಕೊಳ್ಳುವವರು ಯಾರೂ ಇಲ್ಲವಾ ಅಂತ ನನ್ನ ಮುಖ ನೋಡಿದರು. ನನಗೆ ಬೆನ್ನುನೋವು ಅಂದೆ. ಮನೆಯ ಜಗಳ ಪರರ ಮುಂದೆ ಹೇಗೆ ಬಿಚ್ಚಲಿ.

ನೀನೇ ಇನ್ನೊಬ್ಬರ ಹೆಸರು ಬರೆದುಕೊಡು. ನಿಮ್ಮತ್ತೆ ಬರಲಿ, ಗಟ್ಟಿ ಹೆಂಗಸು. ನಾನು ಚೀಲ ಕಟ್ಟಿಟ್ಟಿದ್ದೇನೆ, ನಾಳೆ ಬೆಳಗಿನ ಮೊದಲ ಬಸ್ಸಿಗೆ ಹೊರಡುತ್ತೇನೆ. ಸಿಟ್ಟಿನಿಂದಲ್ಲ. ತೀರಿಸಿಕೊಳ್ಳುತ್ತಿದ್ದೀ ಅಂತ ಬರೆದೆಯಲ್ಲ, ಅದು ಸುಳ್ಳು ಅಂತ ಎದೆ ತಟ್ಟಿ ಹೇಳಲು ನನಗೆ ಆಗುತ್ತಿಲ್ಲ. ಅವಳು ಮಲಗಿದ್ದಾಗ ಒಂದು ಮಧ್ಯಾಹ್ನ ನಾನೂ ಏನೇನೋ ಅಂದುಕೊಂಡಿದ್ದುಂಟು. ಒಬ್ಬಳು ನರ್ಸು ಅಮ್ಮ ಅಂದಾಗ ಒಂದು ಸಲ ತಿದ್ದಲಿಲ್ಲ. ಒಂದೇ ಸಲ. ಇನ್ನು ಅವಳನ್ನು ಮುಟ್ಟಲು ನನ್ನ ಕೈಗೇ ಹೆದರಿಕೆ.

ಅಕ್ಕ


ನವೆಂಬರ್ 14, ಗುರುವಾರ, ರಾತ್ರಿ

ಅಕ್ಕಾ,

ಇವರು ಹೊರಡಲು ನಿಂತಿದ್ದಾರೆ. ರಾತ್ರಿ ಬಸ್ಸಿಗೆ ಇನ್ನು ಹೆಚ್ಚು ಹೊತ್ತಿಲ್ಲ. ಬಾಗಿಲಲ್ಲಿ ನಿಂತು ಕೆಮ್ಮುತ್ತಿದ್ದಾರೆ. ನೆಗಡಿ ಹಿಡಿದಿದೆ, ಐಸಿಯು ಬಾಗಿಲು ದಾಟಲು ಇವರನ್ನೂ ಬಿಡುವುದಿಲ್ಲ. ಕೆಳಗೆ ಮಕ್ಕಳ ಜೊತೆಗಿರುವವರು ಮಲಗುವ ಕೋಣೆಗೆ ಬಂದು ನಿನ್ನನ್ನು ಎಬ್ಬಿಸಿ ಇದನ್ನು ಕೊಡುತ್ತಾರೆ.

ಆಸ್ಪತ್ರೆಗೆ ಫೋನು ಹಚ್ಚಿದೆ. ಅತ್ತೆ ಪಕ್ಕದಲ್ಲೇ ಕೂತಿದ್ದರು, ಎಲ್ಲ ಕೇಳಿಸಿಕೊಂಡರು. ನಾನು ಮರೆಮಾಚಲಿಲ್ಲ. ರಾತ್ರಿ ಪಾಳಿಯ ಹುಡುಗಿ, "ಮಗುಗೆ ಗಾಳಿ ಕೊಳವೆ ಹಾಕಿದೆ, ಡಾಕ್ಟರ್ ಇದ್ದಾರೆ, ಫೋನಲ್ಲಿ ಹೇಳಿದ್ರೆ ನಡೆಯಲ್ಲ ಮೇಡಂ, ಬರೆದು ಕಳಿಸಿ," ಎಂದಳು. ನಿನ್ನನ್ನು ಕರೆಯಿರಿ ಎಂದೆ. ರಾತ್ರಿ ಹೊತ್ತು ಕೆಳಗಿನ ಕೋಣೆಯಿಂದ ಯಾರನ್ನೂ ಕರೆಯುವುದಿಲ್ಲವಂತೆ. ತಾಯಿ ಎಂದೆ. "ಎಲ್ಲರೂ ತಾಯಂದಿರೇ ಮೇಡಂ," ಎಂದಳು.

ಇದರ ಜೊತೆ ಇನ್ನೊಂದು ಕಾಗದ ಇದೆ. ಹಿಂದಿನದನ್ನು ರದ್ದು ಮಾಡಿದ್ದೇನೆ ಎಂದು ಬರೆದು ಸಹಿ ಹಾಕಿದ್ದೇನೆ, ಇವರದೂ ಹಾಕಿಸಿದ್ದೇನೆ. ಎತ್ತಿಕೊಳ್ಳುವವರು ಎನ್ನುವಲ್ಲಿ ನಿನ್ನ ಹೆಸರಿದೆ. ಅತ್ತೆಯ ಹೆಸರಲ್ಲ. ಕೇಳಿದೆ ಅವರನ್ನು. "ನಾನು ಹೋಗ್ತೀನಿ, ಅದಕ್ಕೇನು," ಎಂದು ಆಗಲೇ ಸೀರೆ ಮಡಚಲು ಎದ್ದರು. ಆಮೇಲೆ ತಾವೇ ಕೂತು, "ಅವಳಿಗೆ ಗೊತ್ತಿರೋ ಎದೆ ಬಿಟ್ಟು ಈ ರಾತ್ರಿ ಹೊಸ ಎದೆ ಯಾಕೆ," ಎಂದರು. ನನಗೆ ಆ ಮಾತು ಚುಚ್ಚಿತು. ಚುಚ್ಚಿದರೂ ಸರಿ ಎಂದು ತಿಳಿಯಿತು.

ಸಿಟ್ಟಿನಲ್ಲಿ ಆ ಪತ್ರ ಕೊಟ್ಟೆ ಎಂದು ಬರೆದಿದ್ದೀ. ಅದನ್ನು ಬರೆದವಳು ನಾನು, ಅದೂ ಕೂತು, ಯೋಚಿಸಿ, ಕರಡು ತಿದ್ದಿ. ನಿನ್ನ ಬಾಯಿ ಮುಚ್ಚಿಸಲು ನಾನು ಓದಿದ್ದೆಲ್ಲ ಉಪಯೋಗಿಸಿದೆ. ನಿನ್ನ ಕೈ ಕಟ್ಟಿದ್ದೇನೆ ಎಂದುಕೊಂಡೆ, ಕಟ್ಟಿದ್ದು ಅವಳ ಉಸಿರನ್ನು. ಮಂಗಳವಾರ ರಾತ್ರಿ ನನ್ನ ಕಣ್ಣೆದುರೇ ಫೋನು ಹೊಡೆದುಕೊಳ್ಳುತ್ತಿತ್ತು ಅಕ್ಕಾ. ನಾನು ಅದನ್ನು ನೋಡುತ್ತ ಊಟ ಮುಗಿಸಿದೆ.

ಅಳುವುದಕ್ಕೆ ಈಗ ಹೊತ್ತಿಲ್ಲ. ಒಂದು ಮಾತು ಬರೆಯದೆ ಕಳಿಸಿದರೆ ಮತ್ತೆ ನಾನೂ ಸುಳ್ಳು ಬರೆದ ಹಾಗಾಗುತ್ತದೆ. ಹೊಟ್ಟೆಕಿಚ್ಚು ಹೋಗಿಲ್ಲ. ನೀನು ಬರೆದದ್ದನ್ನು ಓದುವಾಗ, 'ನನ್ನ ಎದೆ ಮೇಲಿದ್ದಾಗ ಮಾತ್ರ ಮರೆಯುತ್ತಿರಲಿಲ್ಲ' ಎಂಬಲ್ಲಿಗೆ ಬಂದಾಗ, ಮಗು ಉಳಿಯುವ ದಾರಿ ಕಂಡಿತು ಎಂದು ಕುಣಿಯಬೇಕಾದವಳು ನಾನು. ಮೊದಲು ಬಂದದ್ದು ಅದಲ್ಲ. ಮೊದಲು ಬಂದದ್ದು, ಯಾಕೆ ನಿನ್ನದು, ನನ್ನದು ಯಾಕಲ್ಲ ಎಂಬುದೇ. ಈಗಲೂ ಇದೆ. ಅದು ಇದ್ದುಕೊಂಡೇ ಕೇಳುತ್ತಿದ್ದೇನೆ, ಹೋಗುವವರೆಗೆ ಕಾಯಲು ಆಗುವುದಿಲ್ಲ.

ನೀನು ಏನೇನೋ ಅಂದುಕೊಂಡೆ ಎಂದಿದ್ದೀ. ಅಂದುಕೋ. ನರ್ಸು ಅಮ್ಮ ಎಂದರೆ ತಿದ್ದಬೇಡ, ತಿದ್ದಲು ಬೇಕಾದ ಆ ಉಸಿರೂ ಅವಳಿಗೇ ಇರಲಿ. ಬಟ್ಟೆಯ ಅಡ್ಡವಿಲ್ಲದೆ, ಬಿಗಿಯಾಗಿ, ಕಾಲು ಜೋಮು ಹಿಡಿದರೂ ಏಳದೆ. ಹಾಡು. ಬೈ. ಏನಮ್ಮಾ ನಿಂದು ಎನ್ನು. ಅವಳು ಬೆಳೆದು, ನಾನು ಕೈ ಚಾಚಿದರೆ ಮುಖ ತಿರುಗಿಸಿ ನಿನ್ನ ಸೆರಗು ಹಿಡಿಯಲಿ, ಊರೆಲ್ಲ ನೋಡಲಿ. ಆ ದಿನ ಬಂದರೆ ನಾನು ನಿನ್ನ ಮೇಲೆ ಮನಸಾರೆ ಹೊಟ್ಟೆಕಿಚ್ಚು ಪಟ್ಟು ಸುಖವಾಗಿರುತ್ತೇನೆ.

ಚೀಲ ಬಿಚ್ಚಿಬಿಡು ಅಕ್ಕಾ. ಬೆಳಗಿನ ಬಸ್ಸು ಹತ್ತಬೇಡ. ಇವರು ಕಾಗದ ಕೊಟ್ಟ ತಕ್ಷಣ ಮೆಟ್ಟಿಲು ಹತ್ತಿ ಹೋಗಿ ರಾತ್ರಿ ಪಾಳಿಯವರ ಮುಂದೆ ಇಡು, ಡಾಕ್ಟರು ರೌಂಡಿಗೆ ಬರುವ ಹೊತ್ತಿಗೆ ಅವಳು ನಿನ್ನ ಮೇಲಿರಬೇಕು.

ಕುರ್ಚಿಯನ್ನು ಫೋನಿನ ಪಕ್ಕಕ್ಕೇ ಎಳೆದುಕೊಂಡಿದ್ದೇನೆ. ಪೈಲ್ವಾನನನ್ನು ಅತ್ತೆ ತಮ್ಮ ಹತ್ತಿರ ಮಲಗಿಸಿಕೊಂಡಿದ್ದಾರೆ. ಅವಳನ್ನು ಎತ್ತಿಕೊಂಡೆಯೋ ಇಲ್ಲವೋ, ಅಷ್ಟು ಹೇಳು. ಎತ್ತಿಕೊಂಡು ಕೂತಮೇಲೆ ನೀನು ಏಳಲಾರೆ, ಇವರಿಂದಲೋ ಆ ಹುಡುಗಿಯಿಂದಲೋ ಹೇಳಿಸು. ನನ್ನನ್ನು ಬೈಯುವುದಿದ್ದರೆ ಅದನ್ನೂ ಹೇಳಿಸು. ಏನೂ ಮಾತಾಡುವುದು ಬೇಡವೆನಿಸಿದರೆ ಸುಮ್ಮನೆ ಒಂದು ಸಲ ಹೊಡೆದು ಇಟ್ಟುಬಿಡಲಿ, ನನಗೆ ಗೊತ್ತಾಗುತ್ತದೆ. ಬೆಳಗಾಗುವ ಮೊದಲು ಫೋನು ಮಾಡಿಸು ಅಕ್ಕಾ. ಕೈಮುಗಿಯುತ್ತೇನೆ, ಬೆಳಗಾಗುವ ಮೊದಲು.